ಸಹಿಗೆ ಮೊದಲು ಷರಾ, ಷರಾಕ್ಕೆ ಮೊದಲು ಫೋಟೊ

ಹಡಗಿನಲ್ಲಿ ಕಾರು ಕಳಿಸಬೇಕಾಗಿ ಬಂದಾಗ ಎಲ್ಲರೂ ಮೊದಲು ವಿಚಾರಿಸುವುದು ಬಾಡಿಗೆಯನ್ನು. ನಾಲ್ಕು ಕಡೆ ದರ ಕೇಳಿ, ಚೌಕಾಸಿ ಮಾಡಿ, ನೂರು ಪೌಂಡ್ ಉಳಿದರೆ ಗೆದ್ದೆವು ಅಂದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಮೊತ್ತ ಕೈಯಲ್ಲಿ ಉಳಿಯುವುದೋ ಕೈಬಿಟ್ಟು ಹೋಗುವುದೋ ತೀರ್ಮಾನವಾಗುವುದು ಬೇರೆ ಎರಡು ಗಳಿಗೆಗಳಲ್ಲಿ. ಒಂದು, ಈ ದಡದಲ್ಲಿ ಕೀಲಿ ಒಪ್ಪಿಸುವಾಗ. ಇನ್ನೊಂದು, ಆ ದಡದಲ್ಲಿ ಕೀಲಿ ವಾಪಸು ತೆಗೆದುಕೊಳ್ಳುವಾಗ. ಎರಡೂ ಕಡೆ ಒಂದು ಕಾಗದಕ್ಕೆ ಸಹಿ ಬೀಳುತ್ತದೆ. ಆ ಸಹಿಗೆ ಬೆಂಬಲವಾಗಿ ಫೋಟೊಗಳಿದ್ದರೆ ವಿಮೆಯ ಹಣ ಬರುವ ದಾರಿ ತೆರೆದಿರುತ್ತದೆ. ಇಲ್ಲದಿದ್ದರೆ ನಿಮ್ಮ ಮಾತಿನ ಎದುರು ಅವರ ಮಾತು, ಅಷ್ಟೆ.

ಕೆಲಸದ ನಿಮಿತ್ತ ನಮ್ಮ ಸಂಸಾರ ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ ಹೋಗಬೇಕಾಯಿತು. ಎರಡೂ ದೇಶಗಳಲ್ಲಿ ಸ್ಟಿಯರಿಂಗ್ ನಮ್ಮೂರಿನ ಹಾಗೆ ಬಲಗಡೆಯೇ. ನಮ್ಮ ಹೋಂಡಾ ಜಾಝ್ ಹಳೆಯದಾದರೂ ಗಟ್ಟಿಮುಟ್ಟಾಗಿತ್ತು. ವಾಸಕ್ಕೆಂದು ಬರುವವರು ಒಂದು ವರ್ಷಕ್ಕೂ ಹೆಚ್ಚು ಕಾಲ ತಾವೇ ಬಳಸಿದ ಕಾರನ್ನು ತಂದರೆ ಅಲ್ಲಿನ ಶೇಕಡಾ 15ರ ಜಿಎಸ್‌ಟಿಯಿಂದ ವಿನಾಯಿತಿ ಸಿಗುತ್ತದೆ. ಎರಡು ವರ್ಷ ಅದನ್ನು ಮಾರುವುದಿಲ್ಲ ಎಂದು ಬರೆದುಕೊಡಬೇಕು. ಎರಡು ವರ್ಷ ಇಟ್ಟುಕೊಳ್ಳಲೇಬೇಕಾದ ಕಾರು ಯಾವ ಸ್ಥಿತಿಯಲ್ಲಿ ಬಂದಿಳಿಯುತ್ತದೆ ಎಂಬುದು ಸಣ್ಣ ವಿಷಯವಲ್ಲ.

ನಾವು ಆರಿಸಿಕೊಂಡದ್ದು ರೋರೋ ಹಡಗು. ಕಂಟೇನರ್ ಇಲ್ಲ, ಕಾರನ್ನು ಓಡಿಸಿಕೊಂಡೇ ಹಡಗಿನ ಹೊಟ್ಟೆಯೊಳಗೆ ಒಯ್ದು ನಿಲ್ಲಿಸಿ, ಪಟ್ಟಿಗಳಿಂದ ನೆಲಕ್ಕೆ ಬಿಗಿಯುತ್ತಾರೆ. ಬಾಡಿಗೆ ಕಡಿಮೆ. ಆದರೆ ಯಾರ್ಡಿನಿಂದ ಹಡಗಿಗೆ, ಹಡಗಿನಿಂದ ಯಾರ್ಡಿಗೆ ಕಾರನ್ನು ಓಡಿಸುವವರು ನಾವಲ್ಲ. ಒಳಗೆ ಕಾರುಗಳು ಒಂದಕ್ಕೊಂದು ಒತ್ತಿಕೊಂಡಂತೆ ನಿಂತಿರುತ್ತವೆ. ಪಕ್ಕದ ಕಾರಿನ ಬಾಗಿಲು ತಾಗಿದರೆ ಹೇಳುವವರು ಯಾರೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಫೋಟೊದ ಬೆಲೆ ತಿಳಿಯುವುದು ಅದರಿಂದಲೇ. ಬ್ರಿಟನ್ನಿನ 1971ರ ಸಮುದ್ರ ಸಾಗಣೆ ಕಾಯ್ದೆ ಅಂತರರಾಷ್ಟ್ರೀಯ ಹೇಗ್-ವಿಸ್ಬಿ ನಿಯಮಗಳನ್ನು ಒಪ್ಪಿಕೊಂಡಿದೆ. ಅದರ ಪ್ರಕಾರ, ಕಣ್ಣಿಗೆ ಕಾಣುವ ಹಾನಿಯನ್ನು ಸರಕು ಬಿಡಿಸಿಕೊಳ್ಳುವ ಹೊತ್ತಿಗೇ ಬರವಣಿಗೆಯಲ್ಲಿ ತಿಳಿಸಬೇಕು. ಮೇಲ್ನೋಟಕ್ಕೆ ಕಾಣದ ಹಾನಿಗೆ ಮೂರು ದಿನ ಗಡುವು. ತಿಳಿಸದಿದ್ದರೆ, ಬಿಲ್ ಆಫ್ ಲೇಡಿಂಗಿನಲ್ಲಿ, ಅಂದರೆ ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ರಸೀದಿಯಲ್ಲಿ, ಬರೆದಿರುವ ಸ್ಥಿತಿಯಲ್ಲೇ ಸರಕು ನಿಮ್ಮ ಕೈಸೇರಿದೆ ಎಂದು ಮೇಲ್ನೋಟಕ್ಕೆ ನಂಬಲಾಗುತ್ತದೆ. ಹಾಗಲ್ಲ ಎಂದು ತೋರಿಸಿಕೊಡುವ ಹೊಣೆ ಆಮೇಲೆ ನಿಮ್ಮದು. ದಾವೆ ಹೂಡಲು ಒಂದು ವರ್ಷ ಮಾತ್ರ ಅವಕಾಶ. ಗೆದ್ದರೂ ಪೂರ್ತಿ ನಷ್ಟ ಸಿಗುತ್ತದೆ ಎಂದೇನಿಲ್ಲ. ಹಡಗಿನವರ ಹೊಣೆಗೆ ಮಿತಿಯಿದೆ: ಒಂದು ಕಿಲೋ ತೂಕಕ್ಕೆ 2 ಎಸ್‌ಡಿಆರ್, ಅಥವಾ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್, ಯಾವುದು ಹೆಚ್ಚೋ ಅದು. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಸುಮಾರು 1,100 ಕಿಲೋ ತೂಗುವ ಕಾರಿಗೆ 2,200 ಎಸ್‌ಡಿಆರ್, ಅಂದರೆ ಹೆಚ್ಚುಕಡಿಮೆ ಮೂರು ಸಾವಿರ ಅಮೆರಿಕನ್ ಡಾಲರ್. ಅಮೆರಿಕದಿಂದ ಕಾರು ಕಳಿಸುವ ನಮ್ಮವರ ಸ್ಥಿತಿ ಇನ್ನೂ ಬಿಗಿ. ಅಲ್ಲಿನ 1936ರ ಸಮುದ್ರ ಸಾಗಣೆ ಕಾಯ್ದೆಯಲ್ಲಿ, ಬೆಲೆಯನ್ನು ಮೊದಲೇ ಘೋಷಿಸಿ ಬಿಲ್ ಆಫ್ ಲೇಡಿಂಗಿನಲ್ಲಿ ಬರೆಸದಿದ್ದರೆ, ಪ್ಯಾಕೇಜಿಗೆ 500 ಡಾಲರೇ ಮಿತಿ.

ಹಾಗಾಗಿ ವಿಮೆ ಬೇಕೇ ಬೇಕು. ವಿಮೆಯವರು ಕೇಳುವ ಮೊದಲ ಪ್ರಶ್ನೆ, ‘ಇದು ಮೊದಲೇ ಇತ್ತೋ, ದಾರಿಯಲ್ಲಿ ಆದದ್ದೋ?’

ಸೌತಾಂಪ್ಟನ್ ಬಂದರಿಗೆ ಹೊರಡುವ ಮುನ್ನ ಕಾರನ್ನು ತೊಳೆಸಿದೆವು, ಅಡಿಭಾಗವನ್ನೂ ಸೇರಿಸಿ. ಕೊಳೆಯ ಕೆಳಗೆ ಗೀರು ಅಡಗುತ್ತದೆ. ಕೊಳೆಯಿದ್ದ ಕಾರಿನ ಫೋಟೊ ನೋಡಿ ವಿಮೆಯ ಸರ್ವೇಯರ್ ಏನನ್ನೂ ಖಚಿತವಾಗಿ ಹೇಳಲಾರ. ಅಲ್ಲದೆ ನ್ಯೂಜಿಲೆಂಡಿನ ಜೈವಿಕ ಸುರಕ್ಷತಾ ತಪಾಸಣೆಯಲ್ಲಿ ಮಣ್ಣು, ಬೀಜ, ಹುಳ ಸಿಕ್ಕರೆ ಶುಚಿಗೊಳಿಸುವ ಖರ್ಚು ಮಾಲೀಕನ ತಲೆಗೇ ಬರುತ್ತದೆ. ಒಂದೇ ತೊಳೆತಕ್ಕೆ ಎರಡು ಲಾಭ.

ಬಂದರಿನ ಯಾರ್ಡಿನಲ್ಲಿ ಜಿಟಿಜಿಟಿ ಮಳೆ. ಒದ್ದೆ ಬಣ್ಣದ ಮೇಲೆ ಗೀರು ಕಾಣುವುದೇ ಇಲ್ಲ, ಎಲ್ಲ ಹೊಸದರಂತೆ ಹೊಳೆಯುತ್ತದೆ. ಹೆಂಡತಿ ಕೊಡೆ ಹಿಡಿದು ಒಂದೊಂದೇ ಭಾಗವನ್ನು ಟವೆಲಿನಿಂದ ಒರೆಸುತ್ತ ಹೋದಳು, ನಾನು ಹಿಂದೆಯೇ ಫೋಟೊ ತೆಗೆಯುತ್ತ ಹೋದೆ. ಮೊದಲು ನಾಲ್ಕು ಮೂಲೆಗಳಿಂದ ಇಡೀ ಕಾರು. ಆಮೇಲೆ ಎಡ ಮುಂದಿನ ಮಡ್ಗಾರ್ಡಿನಿಂದ ಶುರುಮಾಡಿ ಒಂದೇ ದಿಕ್ಕಿನಲ್ಲಿ ಸುತ್ತ ಬರುತ್ತ ಪ್ರತಿಯೊಂದು ಬಾಗಿಲು, ಬಂಪರು, ಚಕ್ರ, ಗಾಜು. ಮೊದಲೇ ಇದ್ದ ಗೀರುಗಳನ್ನು ಬಚ್ಚಿಡದೆ, ಪಕ್ಕದಲ್ಲಿ ಒಂದು ಪೌಂಡಿನ ನಾಣ್ಯ ಹಿಡಿದು ಹತ್ತಿರದಿಂದ ಒಂದು, ಅದು ಕಾರಿನ ಯಾವ ಭಾಗ ಎಂದು ತಿಳಿಯುವಂತೆ ದೂರದಿಂದ ಒಂದು. ಹತ್ತಿರದ ಫೋಟೊ ಒಂದೇ ಇದ್ದರೆ ಅದು ಯಾರ ಕಾರಿನ ಗೀರು ಬೇಕಾದರೂ ಆಗಬಹುದು. ಕೊನೆಗೆ ಷಾಸಿ ನಂಬರು, ಎಂಜಿನ್ ಚಾಲೂ ಇದ್ದಾಗಿನ ಡ್ಯಾಶ್‌ಬೋರ್ಡ್, ಓಡೋಮೀಟರು, ಕಾಲು ಟ್ಯಾಂಕಿನಷ್ಟೇ ಪೆಟ್ರೋಲ್ ತೋರಿಸುವ ಮುಳ್ಳು. ಯಾರ್ಡಿನೊಳಗೆ ಕಾರು ನಾಲ್ಕಾರು ಕಿಲೋಮೀಟರ್ ಓಡುವುದು ಸಹಜ. ಅದಕ್ಕಿಂತ ಬಹಳ ಹೆಚ್ಚು ಓಡಿದ್ದರೆ ಓಡೋಮೀಟರಿನ ಫೋಟೊವೇ ಹೇಳುತ್ತದೆ.

ನನ್ನ ಪ್ರಕಾರ ಇದೆಲ್ಲ ಅರ್ಧ ಕೆಲಸ ಮಾತ್ರ. ಉಳಿದರ್ಧ ಆಗುವುದು ಕಂಡಿಷನ್ ರಿಪೋರ್ಟ್ ಬರೆಯುವವನ ಜೊತೆ. ಕ್ಲಿಪ್‌ಬೋರ್ಡ್ ಹಿಡಿದ ಯಾರ್ಡಿನ ಸಿಬ್ಬಂದಿ ಕಾರಿನ ಸುತ್ತ ಒಮ್ಮೆ ನಡೆದು, ನಮೂನೆಯ ಮೇಲಿದ್ದ ಕಾರಿನ ಚಿತ್ರಕ್ಕೆ ಒಂದು ದೊಡ್ಡ ಸುತ್ತು ಹಾಕಿ, ‘ಎಲ್ಲೆಡೆ ಸಣ್ಣಪುಟ್ಟ ಗೀರು, ನೆಗ್ಗು’ ಎಂದು ಗೀಚಿದ. ಈ ಒಂದು ಸಾಲು ಸಾಕು, ಮುಂದೆ ಎಲ್ಲಿ ಏನೇ ಆದರೂ ‘ಅದು ಮೊದಲೇ ಇತ್ತಲ್ಲ’ ಎನ್ನಲು. ಹಳೆಯ ಗುರುತುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದ ನನ್ನ ಪಟ್ಟಿ ತೋರಿಸಿ, ಆ ಸಾಲು ಹೊಡೆದುಹಾಕಿ ಇರುವುದನ್ನು ಇರುವ ಜಾಗದಲ್ಲಿ ಬರೆಯಿರಿ ಎಂದೆ. ಹಿಂದೆ ಕಾರುಗಳ ಸಾಲು ನಿಂತಿತ್ತು, ಆತನಿಗೂ ಬೇಸರ. ಆದರೂ ಪಟ್ಟಿ ಕೈಯಲ್ಲಿ ಹಿಡಿದು ಇನ್ನೊಂದು ಸುತ್ತು ಬಂದ. ಮುಂಗಾಜಿನ ಎಡ ಕೆಳಗೆ ಚಿಕ್ಕ ಚಕ್ಕೆ, ಮುಂದಿನ ಬಂಪರಿನ ಬಲ ತುದಿಯಲ್ಲಿ ಗೀರು, ಹಿಂದಿನ ಎಡ ಚಕ್ರದ ಅಂಚಿನಲ್ಲಿ ಉಜ್ಜಿದ ಗುರುತು. ಹೀಗೆ ಬರೆದು ತಿದ್ದಿದ ಜಾಗಕ್ಕೆ ಸಣ್ಣ ಸಹಿ ಹಾಕಿದ. ಆ ಹಾಳೆಯನ್ನು ಬಾನೆಟ್ಟಿನ ಮೇಲಿಟ್ಟು, ನಂಬರ್ ಪ್ಲೇಟೂ ಕಾಣುವಂತೆ ಫೋಟೊ ತೆಗೆದುಕೊಂಡೆ. ಫೋಟೊ ನಾನೊಬ್ಬ ಹೇಳುವ ಮಾತು, ಸಹಿಯಿರುವ ರಿಪೋರ್ಟು ಇಬ್ಬರೂ ಒಪ್ಪಿದ ಮಾತು. ಎರಡೂ ಒಂದನ್ನೇ ಹೇಳಬೇಕು.

ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸುವ ಅಭ್ಯಾಸ ಬಹಳ ಜನರಿಗಿದೆ. ಹಾಗೆ ಕಳಿಸಿದರೆ ಚಿತ್ರ ಕುಗ್ಗುವುದಷ್ಟೇ ಅಲ್ಲ, ಅದರೊಳಗೆ ದಾಖಲಾಗಿರುವ ದಿನಾಂಕ, ಸಮಯ, ಜಾಗದ ವಿವರವೂ ಅಳಿಸಿಹೋಗುತ್ತದೆ. ಮೂಲ ಫೈಲುಗಳನ್ನು ಅಂದೇ ನಮ್ಮ ಇಮೇಲಿಗೂ ಸಾಗಣೆ ಏಜೆಂಟರ ಇಮೇಲಿಗೂ ಕಳಿಸಿದೆವು. ಇಮೇಲಿನ ದಿನಾಂಕವನ್ನು ಯಾರೂ ಪ್ರಶ್ನಿಸಲಾರರು.

ಆಕ್ಲೆಂಡಿನಲ್ಲಿ ಕಾರು ಕೈಗೆ ಬಂದಾಗ ಬಿಸಿಲಿತ್ತು. ಕೀಲಿಗೆ ಕೈಚಾಚುವ ಮೊದಲೇ ಹಳೆಯ ಫೋಟೊಗಳನ್ನು ಒಂದೊಂದಾಗಿ ತೆರೆದು, ಅದೇ ಜಾಗದಲ್ಲಿ ನಿಂತು ಅದೇ ಕೋನದಿಂದ ಹೊಸದನ್ನು ತೆಗೆಯತೊಡಗಿದೆ. ಎದುರಿನಿಂದ ನೋಡಿದರೆ ಎಡ ಹಿಂಬಾಗಿಲಿನಲ್ಲಿ ಏನೂ ಇರಲಿಲ್ಲ. ಪಕ್ಕಕ್ಕೆ ಸರಿದು ಕುಕ್ಕರುಗಾಲಿನಲ್ಲಿ ಕೂತಾಗ, ಬಾಗಿಲಿನ ಮೇಲೆ ಬಿದ್ದಿದ್ದ ಯಾರ್ಡಿನ ಬೇಲಿಯ ಪ್ರತಿಬಿಂಬ ಒಂದು ಕಡೆ ಸೊಟ್ಟಗಾಗಿತ್ತು. ಅಲ್ಲೇ ನೆಗ್ಗು, ಅದರ ಮಧ್ಯೆ ಬಣ್ಣ ಕಿತ್ತ ಒಂದು ಗೆರೆ. ನೇರ ಫೋಟೊದಲ್ಲಿ ನೆಗ್ಗು ಬೀಳುವುದಿಲ್ಲ, ಪ್ರತಿಬಿಂಬ ಬಾಗಿದ ಕಡೆ ನೋಡಬೇಕು. ಸೌತಾಂಪ್ಟನ್ನಿನಲ್ಲಿ ಅದೇ ಬಾಗಿಲನ್ನು ಓರೆಯಾಗಿ ತೆಗೆದ ಫೋಟೊ ಇತ್ತು, ಅದರಲ್ಲಿ ಪ್ರತಿಬಿಂಬ ನೇರ.

ಡೆಲಿವರಿ ಚೀಟಿಯಲ್ಲಿ ‘ಸುಸ್ಥಿತಿಯಲ್ಲಿ ಸ್ವೀಕರಿಸಿದೆ’ ಎಂದು ಮೊದಲೇ ಅಚ್ಚಾಗಿತ್ತು. ಅದರ ಕೆಳಗೆ ಬಾಗಿಲಿನ ನೆಗ್ಗು, ಮೊದಲಿಗಿಂತ ಉದ್ದವಾಗಿ ಕಂಡ ಚಕ್ರದ ಗುರುತು ಎರಡರ ಬಗ್ಗೆಯೂ ಷರಾ ಬರೆದು, ಆಮೇಲೆ ಸಹಿ ಹಾಕಿದೆ. ಅದೇ ದಿನ ಹಡಗಿನವರ ಏಜೆಂಟರಿಗೆ ‘ಈ ಹಾನಿಗೆ ನೀವೇ ಹೊಣೆ’ ಎಂದು ಇಮೇಲು, ವಿಮೆಯವರಿಗೆ ಅದರ ಪ್ರತಿ. ಈ ಪತ್ರ ಬರೀ ಶಿಷ್ಟಾಚಾರವಲ್ಲ. ನಮಗೆ ಹಣ ಕೊಟ್ಟ ಮೇಲೆ ವಿಮೆಯವರು ಹಡಗಿನವರಿಂದ ವಸೂಲಿಗೆ ಹೋಗುತ್ತಾರೆ. ಆ ಹಕ್ಕನ್ನು ಉಳಿಸಿಕೊಡುವುದು ವಿಮೆ ಮಾಡಿಸಿದವನ ಕರ್ತವ್ಯ ಎಂದು ಪಾಲಿಸಿಯ ಷರತ್ತೇ ಹೇಳುತ್ತದೆ.

ಬಾಗಿಲಿನ ಡೆಂಟಿಂಗ್, ಪೇಂಟಿಂಗ್ ಖರ್ಚು ಮಂಜೂರಾಯಿತು, ಪಾಲಿಸಿಯ ಪ್ರಕಾರ ನಾವು ಭರಿಸಬೇಕಾದ ಮೊದಲ ಮೊತ್ತ ಕಳೆದು. ಚಕ್ರದ್ದು ಆಗಲಿಲ್ಲ. ಉಜ್ಜಿದ ಗುರುತು ಮೊದಲಿಗಿಂತ ಉದ್ದವಾಗಿದೆ ಎಂದು ನನಗೆ ಅನಿಸಿತ್ತು, ಆದರೆ ನನ್ನದೇ ಫೋಟೊದಲ್ಲಿ ಅಲ್ಲಿ ಗುರುತಿತ್ತು, ರಿಪೋರ್ಟಿನಲ್ಲೂ ಇತ್ತು. ಅವರ ತೀರ್ಮಾನ ನ್ಯಾಯವಾದದ್ದೇ. ಇದ್ದದ್ದನ್ನು ಇದ್ದಂತೆ ತೋರಿಸಿದ ಫೋಟೊ ಆದ್ದರಿಂದಲೇ ಬಾಗಿಲಿನ ವಿಷಯದಲ್ಲಿ ಯಾರೂ ಎರಡು ಮಾತಾಡಲಿಲ್ಲ.

ಪಾಲಿಸಿಯ ಬಗ್ಗೆಯೂ ಒಂದು ಮಾತು. ಹಳೆಯ ಕಾರಿಗೆ ಕಡಿಮೆ ಪ್ರೀಮಿಯಮ್ಮಿನಲ್ಲಿ ಕೊಡುವ ವಿಮೆ ಎಷ್ಟೋ ಸಲ ಕಾರು ಪೂರ್ತಿ ನಾಶವಾದರೆ ಮಾತ್ರ ಹಣ ಕೊಡುತ್ತದೆ, ಗೀರು ನೆಗ್ಗಿಗೆ ಬಿಡಿಗಾಸೂ ಇಲ್ಲ. ಪೂರ್ತಿ ನಾಶವೂ ಆಗುವಂಥದ್ದೇ. 2022ರ ಫೆಬ್ರುವರಿಯಲ್ಲಿ ‘ಫೆಲಿಸಿಟಿ ಏಸ್’ ಹಡಗಿಗೆ ಅಜೋರ್ಸ್ ದ್ವೀಪಗಳ ಬಳಿ ಬೆಂಕಿ ಬಿದ್ದು, ಮಾರ್ಚ್ 1ರಂದು ಸುಮಾರು ನಾಲ್ಕು ಸಾವಿರ ವಾಹನಗಳೊಡನೆ ಮುಳುಗಿತು. ಅಂಥ ಸಂದರ್ಭದಲ್ಲಿ ಕೆಲಸಕ್ಕೆ ಬರುವುದು ಕಾರು ಎಷ್ಟು ಚೆನ್ನಾಗಿತ್ತು, ಎಷ್ಟು ಬೆಲೆ ಬಾಳುತ್ತಿತ್ತು ಎಂದು ತೋರಿಸುವ ಚಿತ್ರಗಳು: ಒಳಗಿನ ಸೀಟು, ಓಡೋಮೀಟರು, ಸರ್ವಿಸ್ ಪುಸ್ತಕದ ಪುಟಗಳು. ಪ್ರೀಮಿಯಂ ಉಳಿಸಲು ಬೆಲೆ ತಗ್ಗಿಸಿ ಹೇಳುವುದೂ ನಷ್ಟದ ವ್ಯವಹಾರ. 8,000 ಪೌಂಡಿನ ಕಾರಿಗೆ 4,000ಕ್ಕೆ ವಿಮೆ ಮಾಡಿಸಿದರೆ, ಸಣ್ಣ ರಿಪೇರಿಗೂ ಅರ್ಧ ಹಣವೇ ಕೈಗೆ ಬರಬಹುದು.

ಊರಿನಲ್ಲಿ ಓದುತ್ತಿರುವವರಿಗೆ ಇದು ದೂರದ ಮಾತೆನಿಸದಿರಲಿ. ಬೆಂಗಳೂರಿನಿಂದ ಪುಣೆಗೋ ದಿಲ್ಲಿಗೋ ವರ್ಗವಾದಾಗ ಬೈಕು, ಕಾರುಗಳನ್ನು ಲಾರಿಗೆ ಹಾಕಿ ಕಳಿಸುತ್ತೇವೆ. ನಮ್ಮ 2007ರ ರಸ್ತೆ ಸಾಗಣೆ ಕಾಯ್ದೆಯಲ್ಲೂ ಗಡುವಿದೆ: ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡದೆ ಹಾನಿಗೆ ದಾವೆ ಹೂಡುವಂತಿಲ್ಲ. ಗಾಡಿ ಇಳಿಸುವ ಹೊತ್ತಿಗೆ ಡ್ರೈವರ್ ಎಷ್ಟೇ ಅವಸರ ಮಾಡಲಿ, ಸುತ್ತ ಒಮ್ಮೆ ನೋಡಿ, ಫೋಟೊ ತೆಗೆದು, ಕಂಡದ್ದನ್ನು ಚೀಟಿಯ ಮೇಲೆ ಬರೆದು ಆಮೇಲೆ ಸಹಿ ಹಾಕಿ. ಬರೆಯಲು ಜಾಗ ಬಿಟ್ಟಿಲ್ಲವೆಂದರೆ ಹಾಳೆಯ ಹಿಂದೆ ಬರೆಯಿರಿ, ಅವರ ಕೈಗೆ ವಾಪಸು ಕೊಡುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.