ಗ್ರಂಥಪಟ್ಟಿಗೊಂದು ಉಗ್ರಾಣ: ಡೇಟಾಬೇಸ್ ಸರ್ವರನ್ನು ಸ್ಥಾಪಿಸುವ ಬಗೆ

ನಮ್ಮ ವಾಚನಾಲಯದ ಗ್ರಂಥಪಟ್ಟಿ ಕಾಗದವನ್ನು ಬಿಟ್ಟು ಕಂಪ್ಯೂಟರಿಗೆ ಬಂದ ಮೊದಲ ವರ್ಷ ನಡೆದ ಸಂಗತಿಯನ್ನು ಹಳೆಯ ಸದಸ್ಯರು ಮರೆತಿರಲಾರರು. ನಾನೂ ಇನ್ನೊಬ್ಬ ಸ್ವಯಂಸೇವಕರೂ ಹಲವು ಭಾನುವಾರ ಕುಳಿತು, ಕಪಾಟಿನ ಪುಸ್ತಕಗಳ ಹೆಸರುಗಳನ್ನೆಲ್ಲ ಬೆರಳಚ್ಚು ಮಾಡಿ ಸರ್ವರಿಗೆ ತುಂಬಿಸಿದೆವು. ಕೆಲಸ ಮುಗಿಯಿತೆಂದು ಪಟ್ಟಿಯನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ‘ಮೂಕಜ್ಜಿಯ ಕನಸುಗಳು’ ಇರಬೇಕಾದ ಕಡೆ ಎಂಟು ಪ್ರಶ್ನೆಚಿಹ್ನೆ, ನಡುವೆ ಒಂದು ತೆರಪು, ಮತ್ತೆ ಏಳು ಪ್ರಶ್ನೆಚಿಹ್ನೆ. ಕ್ರಮಸಂಖ್ಯೆ, ಬೆಲೆ, ಕೊಂಡ ವರ್ಷ ಇವು ಮಾತ್ರ ಸುರಕ್ಷಿತ. ಆಗಿನ ಗ್ರಂಥಪಾಲಕರು ಕನ್ನಡಕ ಏರಿಸಿ ನೋಡಿ, “ಏನಪ್ಪಾ, ಪುಸ್ತಕಗಳೇ ನಮ್ಮನ್ನು ಪ್ರಶ್ನೆ ಕೇಳುತ್ತಿವೆಯಲ್ಲ!” ಎಂದರು.

ತಪ್ಪು ನಮ್ಮದೇ. ಯಾವ ಲಿಪಿಯ ಅಕ್ಷರಗಳು ಬರಲಿವೆ ಎಂಬುದನ್ನು ಸರ್ವರಿಗೆ ನಾವು ಮೊದಲೇ ಹೇಳಿರಲಿಲ್ಲ. ಅದು ತನ್ನ ರೂಢಿಯಂತೆ ಪಶ್ಚಿಮ ಯುರೋಪಿನ ಅಕ್ಷರಗಳೇ ಎಂದು ಭಾವಿಸಿತು. ಗುರುತಿಲ್ಲದ ಪ್ರತಿಯೊಂದು ಅಕ್ಷರದ ಬದಲು ಪ್ರಶ್ನೆಚಿಹ್ನೆಯನ್ನು ಬರೆದು, ಮೂಲವನ್ನು ಎಸೆದುಬಿಟ್ಟಿತು. ಎಸೆದದ್ದನ್ನು ಮರಳಿ ಪಡೆಯುವ ಉಪಾಯವಿಲ್ಲ. ಮತ್ತೆ ಕಪಾಟಿನ ಮುಂದೆ ಕುಳಿತೆವು. ಇತರ ಊರುಗಳ ಸಂಘಗಳವರು ಈಚೆಗೆ ಇದೇ ಕೆಲಸಕ್ಕೆ ತೊಡಗಿ ಸಲಹೆ ಕೇಳುತ್ತಿರುವುದರಿಂದ ಈ ಪಾಠವನ್ನು ಬರೆದಿದ್ದೇನೆ.

ಸಂಬಂಧಾತ್ಮಕ ಡೇಟಾಬೇಸ್ ಎಂದರೇನೆಂದು ಎರಡು ಮಾತು. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು, ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿ ಇಟ್ಟು, ಒಂದು ಕೋಷ್ಟಕವನ್ನು ಮತ್ತೊಂದಕ್ಕೆ ಅವುಗಳಲ್ಲಿನ ಬೆಲೆಗಳಿಂದಲೇ ಹೊಂದಿಸಬಹುದೆಂದು ತೋರಿಸಿದರು. ನಮಗೆ ಮೂರು ಕೋಷ್ಟಕ ಸಾಕು: ಪುಸ್ತಕಗಳದೊಂದು, ಸದಸ್ಯರದೊಂದು, ಎರವಲಿನದೊಂದು. ಎರವಲಿನ ಸಾಲಿನಲ್ಲಿ ಪುಸ್ತಕದ ಸಂಖ್ಯೆಯೂ ಸದಸ್ಯರ ಸಂಖ್ಯೆಯೂ ಇದ್ದರೆ ಆಯಿತು. ಸದಸ್ಯರ ಕೋಷ್ಟಕದಲ್ಲಿ ಇಲ್ಲದವರ ಹೆಸರಿಗೆ ಪುಸ್ತಕ ಬರೆಯಲು ಹೋದರೆ ಸರ್ವರು ಒಪ್ಪದಂತೆ ಕಟ್ಟುಮಾಡಬಹುದು. ಇಬ್ಬರು ಏಕಕಾಲದಲ್ಲಿ ಬರೆದರೂ ಒಬ್ಬರದು ಇನ್ನೊಬ್ಬರದನ್ನು ಅಳಿಸದು.

ಇಂಥ ಸರ್ವರುಗಳು ಹಲವಿವೆ. ನಾನು ಹೇಳಹೊರಟಿರುವುದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬುದನ್ನು. 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಆರಂಭಿಸಿದ ಕೆಲಸ ಇದರ ಮೂಲ. ಈಗಿನ ಹೆಸರು ಬಂದದ್ದು 1996ರಲ್ಲಿ. ಇದಕ್ಕೆ ಬೆಲೆ ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ. ವಂತಿಗೆಯ ಮೇಲೆ ನಡೆಯುವ ಸಂಸ್ಥೆಗಳಿಗೆ ಇದು ಸಣ್ಣ ಮಾತಲ್ಲ.

ನಮ್ಮಂಥ ಕಡೆ ಯಂತ್ರಗಳು ಒಂದೇ ಜಾತಿಯವಾಗಿರುವುದಿಲ್ಲ. ಸದಸ್ಯರೊಬ್ಬರು ದಾನವಿತ್ತದ್ದು ವಿಂಡೋಸ್, ಹುಡುಗನೊಬ್ಬ ತರುವುದು ಮ್ಯಾಕ್, ಹಳೆಯ ಯಂತ್ರಕ್ಕೆ ಯಾರೋ ಹಾಕಿಕೊಟ್ಟದ್ದು ಲಿನಕ್ಸ್. ಸರ್ವರು ಎಲ್ಲದರಲ್ಲಿಯೂ ಒಂದೇ; ಆದರೆ ಅದು ಮನೆ ಹೂಡುವ ರೀತಿ ಬೇರೆ ಬೇರೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಅಚ್ಚುಮಾಡಿದೆ. ಯಂತ್ರದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿಯೇ ಒತ್ತಬೇಕು.

ಡೆಬಿಯನ್ ಮತ್ತು ಉಬುಂಟು ಲಿನಕ್ಸಿನಲ್ಲಿ ‘ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂದರೆ ಸಾಕು. ಸರ್ವರು ಬರುತ್ತದೆ, ‘ಪೋಸ್ಟ್‌ಗ್ರೆಸ್’ ಎಂಬ ಹೆಸರಿನ ಒಬ್ಬ ಬಳಕೆದಾರ ಹುಟ್ಟುತ್ತಾನೆ, ದತ್ತಾಂಶದ ಕೋಶ ತಯಾರಾಗುತ್ತದೆ, ಸರ್ವರು ಓಡತೊಡಗುತ್ತದೆ. ಹೊಸಬರು ಇಲ್ಲಿ ಗುಪ್ತಪದ ಯಾವುದೆಂದು ತಡಕಾಡುತ್ತಾರೆ. ಗುಪ್ತಪದವೇ ಇಲ್ಲ. ಆ ಯಂತ್ರದಲ್ಲಿ ‘ಸುಡೊ’ ಮೂಲಕ ‘ಪೋಸ್ಟ್‌ಗ್ರೆಸ್’ ಬಳಕೆದಾರನ ವೇಷ ತೊಟ್ಟು ‘ಪಿಎಸ್‌ಕ್ಯೂಎಲ್’ ಎಂದು ಕರೆದರೆ ಬಾಗಿಲು ತೆರೆಯುತ್ತದೆ; ಯಂತ್ರವು ಗುರುತಿಸಿದವನನ್ನು ಸರ್ವರು ನಂಬುತ್ತದೆ. ಏರ್ಪಾಡಿನ ಕಡತಗಳು ‘ಇಟಿಸಿ’ ಕೋಶದಲ್ಲಿಯೂ ದತ್ತಾಂಶವು ‘ವಾರ್’ ಕೋಶದೊಳಗಿನ ‘ಲಿಬ್’ನಲ್ಲಿಯೂ ಇರುತ್ತವೆ.

ರೆಡ್ ಹ್ಯಾಟ್, ಫೆಡೋರಾ ವಂಶದ ಲಿನಕ್ಸಿನಲ್ಲಿ ಇಷ್ಟು ಉಪಚಾರವಿಲ್ಲ. ‘ಡಿಎನ್‌ಎಫ್’ನಿಂದ ಸರ್ವರನ್ನು ತರಿಸಿದ ಮೇಲೂ ಅದು ಸುಮ್ಮನೆ ಮಲಗಿರುತ್ತದೆ. ‘ಪೋಸ್ಟ್‌ಗ್ರೆಸ್‌ಕ್ಯೂಎಲ್-ಸೆಟಪ್’ ಎಂಬ ಸಾಧನಕ್ಕೆ ‘ಇನಿಟ್‌ಡಿಬಿ’ ಎಂದು ಹೇಳಿ ದತ್ತಾಂಶದ ಕೋಶವನ್ನು ನಾವೇ ಹುಟ್ಟಿಸಬೇಕು. ಬಳಿಕ ‘ಸಿಸ್ಟಮ್‌ಸಿಟಿಎಲ್’ನಿಂದ ಎಬ್ಬಿಸಬೇಕು, ಯಂತ್ರ ಆರಿ ಹೊತ್ತಿದಾಗಲೆಲ್ಲ ತಾನೇ ಏಳುವಂತೆಯೂ ಹೇಳಿಡಬೇಕು. ಈ ಎರಡನೆಯದನ್ನು ಮರೆತವರು, ವಿದ್ಯುತ್ ಹೋಗಿ ಬಂದ ಮರುದಿನ ‘ಪಟ್ಟಿ ಕಾಣೆಯಾಗಿದೆ’ ಎಂದು ಗಾಬರಿಯಾಗುತ್ತಾರೆ.

ವಿಂಡೋಸಿಗೆ ಈ ಸರ್ವರು ನೇರವಾಗಿ ಬಂದದ್ದು 2005ರಲ್ಲಿ, 8.0 ಆವೃತ್ತಿಯೊಡನೆ. ಸ್ಥಾಪಕ ತಂತ್ರಾಂಶವು ಒಂದೊಂದಾಗಿ ಪ್ರಶ್ನೆ ಕೇಳುತ್ತದೆ: ಎಲ್ಲಿ ಇಡಲಿ, ‘ಪೋಸ್ಟ್‌ಗ್ರೆಸ್’ನ ಗುಪ್ತಪದ ಏನು, ಯಾವ ಪೋರ್ಟ್, ಯಾವ ಭಾಷಾಪ್ರದೇಶ. ಪೋರ್ಟ್ 5432 ಎಂದೇ ಇರಲಿ. ಗುಪ್ತಪದವನ್ನು ಕೂಡಲೆ ಬರೆದಿಡಿ. ಕಪ್ಪು ಪರದೆಯ ‘ಪಿಎಸ್‌ಕ್ಯೂಎಲ್’ ತೆರೆದೊಡನೆ ಕೋಡ್ ಪುಟಗಳು ಹೊಂದುತ್ತಿಲ್ಲವೆಂದು ಅದು ಎಚ್ಚರಿಸುವುದುಂಟು. ಅದನ್ನು ಓದದೆ ದಾಟಬೇಡಿ. ಕನ್ನಡ ಕೆಡುವುದು ಇಂಥ ಕಡೆಯೇ. ವಿಂಡೋಸಿನಲ್ಲಿ ಕನ್ನಡ ತುಂಬುವ ಕೆಲಸವನ್ನು ಜೊತೆಗೇ ಬರುವ ‘ಪಿಜಿಅಡ್ಮಿನ್’ ಕಿಟಕಿಯಲ್ಲಿ ಮಾಡುವುದು ಕ್ಷೇಮ.

ಮ್ಯಾಕಿನಲ್ಲಿ ‘ಹೋಮ್‌ಬ್ರೂ’ ಮೂಲಕ ತರಿಸಿದರೆ ‘ಪೋಸ್ಟ್‌ಗ್ರೆಸ್’ ಎಂಬ ಯಜಮಾನ ಇರುವುದಿಲ್ಲ. ಸ್ಥಾಪಿಸಿದವರ ಲಾಗಿನ್ ಹೆಸರೇ ಯಜಮಾನನ ಹೆಸರು. ಉಳಿದದ್ದು ಲಿನಕ್ಸಿನಂತೆಯೇ.

ಇನ್ನು ಅಕ್ಷರದ ವಿಚಾರ. ನನ್ನ ಮಟ್ಟಿಗೆ ಪಾಠದ ಮುಖ್ಯ ಭಾಗ ಇದು. ಡೇಟಾಬೇಸನ್ನು ಹುಟ್ಟಿಸುವಾಗಲೇ ಅದರ ಅಕ್ಷರಸಂಕೇತ ನಿಶ್ಚಯವಾಗುತ್ತದೆ, ಆಮೇಲೆ ಬದಲಿಸಲು ಬರುವುದಿಲ್ಲ. ನಮಗೆ ಬೇಕಾದ್ದು ಯುಟಿಎಫ್-8. ಯಂತ್ರದ ಭಾಷಾಪ್ರದೇಶ ‘ಸಿ’ ಎಂದಷ್ಟೇ ಇದ್ದರೆ ಡೇಟಾಬೇಸು ‘ಎಸ್‌ಕ್ಯೂಎಲ್ ಆಸ್ಕಿ’ ಎಂಬ ಸಂಕೇತದಲ್ಲಿ ಹುಟ್ಟುವುದುಂಟು. ಇದು ಏನು ಕೊಟ್ಟರೂ ಬೇಡವೆನ್ನದೆ ಒಳಗೆ ಹಾಕಿಕೊಳ್ಳುತ್ತದೆ, ಆದ್ದರಿಂದಲೇ ಅಪಾಯಕಾರಿ. ಸರಿಯೋ ತಪ್ಪೋ ನೋಡುವ ಗೋಜಿಗೇ ಹೋಗುವುದಿಲ್ಲ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ‘ಲೆಂಗ್ತ್’ ಎಂಬ ಕಾರ್ಯದಿಂದ ಸರ್ವರನ್ನು ಕೇಳಿ. ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಎಂದು ಎಣಿಸಿ 5 ಎಂದರೆ ಅದಕ್ಕೆ ಕನ್ನಡ ಗೊತ್ತು. 15 ಎಂದರೆ ಅಕ್ಷರವನ್ನು ಬಿಟ್ಟು ಬೈಟುಗಳನ್ನು ಎಣಿಸಿದೆ. ಯುಟಿಎಫ್-8ರಲ್ಲಿ ಇವು ಒಂದೊಂದಕ್ಕೂ ಮೂರು ಬೈಟು. ಅಂಥ ಡೇಟಾಬೇಸಿಗೆ ಒಂದು ಪುಸ್ತಕವನ್ನೂ ತುಂಬಬೇಡಿ. ‘ಟೆಂಪ್ಲೇಟ್-ಸೊನ್ನೆ’ಯನ್ನು ಅಚ್ಚಾಗಿ ಬಳಸಿ, ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ, ಹೊಸದನ್ನು ಹುಟ್ಟಿಸಿಕೊಳ್ಳಿ. ಆಜ್ಞೆಯ ಕೊನೆಗೆ ಅರ್ಧವಿರಾಮ ಹಾಕುವುದನ್ನು ಮರೆತರೆ ಸರ್ವರು ಸುಮ್ಮನೆ ಕಾಯುತ್ತ ಕೂರುತ್ತದೆ. ನಾನು ಒಂದು ಸಂಜೆ ಪೂರ್ತಿ ಹೀಗೆ ಅದರ ಮುಖ ನೋಡುತ್ತ ಕುಳಿತಿದ್ದೆ.

ಅಕ್ಷರ ಉಳಿದರೂ ಅಕಾರಾದಿ ಕ್ರಮ ಉಳಿದೀತೆಂಬ ಭರವಸೆಯಿಲ್ಲ. ಯುನಿಕೋಡಿನ ಸಂಖ್ಯಾಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲೇ ಬರುತ್ತದೆ. ನಮ್ಮ ನಿಘಂಟುಗಳಲ್ಲಿ ಅದರ ಸ್ಥಾನ ಹಕಾರದ ನಂತರ. ಬರಿಯ ಸಂಖ್ಯೆ ನೋಡಿ ಜೋಡಿಸುವ ಯಂತ್ರ ‘ಹಳೆ’ಯನ್ನು ‘ಹಸಿರಿ’ಗಿಂತ ಮೊದಲು ನಿಲ್ಲಿಸುತ್ತದೆ, ನಿಘಂಟು ನಿಲ್ಲಿಸುವುದು ಅದರ ತರುವಾಯ. ಈ ಜೋಡಣೆಯ ನಿಯಮವನ್ನು ಸರ್ವರು ಆಯಾ ಕಾರ್ಯವ್ಯವಸ್ಥೆಯಿಂದ ಎರವಲು ಪಡೆಯುವುದುಂಟು. ಆದಕಾರಣ ಒಂದೇ ಪಟ್ಟಿ ವಿಂಡೋಸಿನಲ್ಲಿ ಒಂದು ಕ್ರಮದಲ್ಲಿ, ಲಿನಕ್ಸಿನಲ್ಲಿ ಇನ್ನೊಂದು ಕ್ರಮದಲ್ಲಿ ಕಾಣಬಹುದು. 2018ರಲ್ಲಿ ಲಿನಕ್ಸಿನ ಮೂಲ ಗ್ರಂಥಾಲಯವಾದ ‘ಜಿಲಿಬ್‌ಸಿ’ಯ 2.28ನೆಯ ಆವೃತ್ತಿ ಈ ನಿಯಮಗಳನ್ನು ಬದಲಿಸಿದಾಗ, ಹಳೆಯ ಕ್ರಮದಲ್ಲಿ ಕಟ್ಟಿದ್ದ ಸೂಚಿಗಳು ಕೆಟ್ಟು, ಇರುವ ಸಾಲನ್ನೇ ಇಲ್ಲವೆನ್ನುವ ಸ್ಥಿತಿ ಬಂದಿತು. ಸೂಚಿಗಳನ್ನು ಮರಳಿ ಕಟ್ಟಬೇಕಾಯಿತು. 2017ರ 10ನೆಯ ಆವೃತ್ತಿಯಿಂದೀಚೆಗೆ ‘ಐಸಿಯು’ ಎಂಬ ಬೇರೊಂದು ಗ್ರಂಥಾಲಯದ ನಿಯಮಗಳನ್ನು ಬಳಸಲು ಬರುತ್ತದೆ, ಅದರಲ್ಲಿ ಕನ್ನಡದ್ದೂ ಇದೆ. ಅದನ್ನು ಆರಿಸಿಕೊಂಡು, ‘ಹಳೆ’, ‘ಹಸಿರು’ ಎರಡನ್ನೂ ಜೋಡಿಸಲು ಹೇಳಿ, ಕಣ್ಣಾರೆ ನೋಡಿಯೇ ಮುಂದುವರಿಯಿರಿ.

ಬಾಗಿಲಿನ ವಿಚಾರ ಬೇಗ ಮುಗಿಸುತ್ತೇನೆ. ಬೇರೆ ಮೇಜಿನ ಯಂತ್ರದಿಂದಲೂ ಪಟ್ಟಿ ನೋಡಬೇಕಾದರೆ ಎರಡು ಕಡತ ತಿದ್ದಬೇಕು. ಮುಖ್ಯ ಏರ್ಪಾಡಿನ ಕಡತದಲ್ಲಿ ‘ಲಿಸನ್ ಅಡ್ರೆಸಸ್’ ಎಂಬ ಸಾಲು ‘ಲೋಕಲ್‌ಹೋಸ್ಟ್’ ಎಂದಷ್ಟೇ ಇದ್ದರೆ ಅಲ್ಲಿ ಯಂತ್ರದ ವಿಳಾಸವನ್ನು ಸೇರಿಸಿ, ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ‘ಪಿಜಿ-ಎಚ್‌ಬಿಎ’ ಕಡತದಲ್ಲಿ ಯಾರು, ಯಾವ ವಿಳಾಸದಿಂದ, ಹೇಗೆ ಒಳಬರಬಹುದೆಂದು ಒಂದೊಂದು ಸಾಲು. ಮೇಲಿನಿಂದ ಓದುತ್ತ ಮೊದಲು ಹೊಂದಿದ ಸಾಲೇ ಕೊನೆಯ ತೀರ್ಪು. ಅಲ್ಲಿ ‘ಟ್ರಸ್ಟ್’ ಎಂದು ಬರೆದರೆ ಗುಪ್ತಪದ ಕೇಳದೆ ಬಿಡುತ್ತದೆ. ಅವಸರಕ್ಕೆಂದು ಬರೆದ ಆ ಪದ ವರ್ಷಗಟ್ಟಲೆ ಉಳಿದುಬಿಡುತ್ತದೆ. ‘ಸ್ಕ್ರ್ಯಾಮ್’ ವಿಧಾನವನ್ನೇ ಬರೆಯಿರಿ. ವಿಂಡೋಸ್ ಮತ್ತು ಫೆಡೋರಾಗಳ ಫೈರ್‌ವಾಲಿನಲ್ಲಿ 5432ನ್ನು ತೆರೆಯಬೇಕು, ಅದೂ ಒಳಗಿನ ಜಾಲಕ್ಕೆ ಮಾತ್ರ.

ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ದತ್ತಾಂಶದ ಕೋಶವನ್ನೇ ನಕಲು ಮಾಡಿ ಒಯ್ಯಬೇಡಿ. ವಿಂಡೋಸಿನ ಕೋಶ ಲಿನಕ್ಸಿನಲ್ಲಿ ನಡೆಯುವುದಿಲ್ಲ. ‘ಪಿಜಿ-ಡಂಪ್’ ಎಂಬ ಸಾಧನ ಇಡೀ ಪಟ್ಟಿಯನ್ನು ಒಂದು ಕಡತವಾಗಿ ಕಟ್ಟಿಕೊಡುತ್ತದೆ. ಅದನ್ನು ಯಾವ ಕಾರ್ಯವ್ಯವಸ್ಥೆಯಲ್ಲಿ ಬೇಕಾದರೂ ಬಿಚ್ಚಬಹುದು. ನಾವು ಪ್ರತಿ ಶನಿವಾರ ಬಾಗಿಲು ಹಾಕುವ ಮುನ್ನ ಹೀಗೆ ಕಟ್ಟಿ, ತಿಂಗಳಿಗೊಮ್ಮೆ ಮ್ಯಾಕಿನ ಹುಡುಗನಿಂದ ಅವನ ಯಂತ್ರದಲ್ಲಿ ಬಿಚ್ಚಿಸಿ, ‘ಮೂಕಜ್ಜಿ’ ಅಲ್ಲಿದ್ದಾಳೆಯೇ ಎಂದು ಹುಡುಕಿಸುತ್ತೇವೆ. ಸರ್ವರಿನ ಗುಪ್ತಪದ ಬರೆದ ಚೀಟಿ ಗ್ರಂಥಪಾಲಕರ ಕಪಾಟಿನಲ್ಲಿ, ಹಳೆಯ ಕಾಗದದ ದಾಖಲೆ ಪುಸ್ತಕದೊಳಗೆ ಇದೆ. ಆ ಪುಸ್ತಕವನ್ನು ನಾವು ಇನ್ನೂ ಎಸೆದಿಲ್ಲ.