ಅಸಲು ಉಳಿಸಿಕೊಂಡು ಹಾಲು ಕರೆಯುವುದು
ಮಹಿಳಾ ಹೈನುಗಾರರಿಗೆ ಈ ತಿಂಗಳ ಪಾಠ: ಸುಸ್ಥಿರ ಅಭಿವೃದ್ಧಿ



ಹಾಲು ಕರೆಯುವಾಗ ಕರುವಿನ ಪಾಲು ಬಿಟ್ಟು ಕರೆಯಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಪುಸ್ತಕ ಓದಿ ಕಲಿತಿಲ್ಲ. ಪೂರ್ತಿ ಹಿಂಡಿಕೊಂಡರೆ ಇವತ್ತಿನ ಕ್ಯಾನು ತುಂಬುತ್ತದೆ ನಿಜ. ಆದರೆ ಕರು ಬಡಕಲಾಗುತ್ತದೆ, ಎರಡು ವರ್ಷದೊಳಗೆ ಬೆದೆಗೆ ಬರಬೇಕಾದ ಕಡಸು ಮೂರು ವರ್ಷವಾದರೂ ಬರುವುದಿಲ್ಲ. ಇವತ್ತಿನ ಲಾಭಕ್ಕೆ ನಾಳೆಯ ಹಸುವನ್ನೇ ಮಾರಿದಂತಾಯಿತು. ಸುಸ್ಥಿರ ಅಭಿವೃದ್ಧಿ ಎಂದು ಭಾಷಣಗಳಲ್ಲಿ ಕೇಳುತ್ತೇವಲ್ಲ, ಅದು ಇದೇ ಕರುವಿನ ಪಾಲಿನ ಮಾತು. ಊರಿಗೆ, ದೇಶಕ್ಕೆ, ಪ್ರಪಂಚಕ್ಕೆ ಅನ್ವಯಿಸಿ ಹೇಳುತ್ತಾರೆ, ಅಷ್ಟೆ.

ಈ ಮಾತನ್ನು ಪ್ರಪಂಚಕ್ಕೆಲ್ಲ ಪರಿಚಯ ಮಾಡಿಸಿದವರು ಒಬ್ಬ ಹೆಣ್ಣುಮಗಳು ಎಂಬುದು ನಿಮಗೆ ಖುಷಿ ಕೊಡಬಹುದು. ನಾರ್ವೆ ದೇಶದ ಮೊದಲ ಮಹಿಳಾ ಪ್ರಧಾನಿ ಗ್ರೋ ಹಾರ್ಲೆಮ್ ಬ್ರಂಟ್‌ಲೆಂಡ್ ಅವರು ವೃತ್ತಿಯಿಂದ ವೈದ್ಯೆ. ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ 1987ರಲ್ಲಿ ವರದಿ ಕೊಟ್ಟಿತು. ಇಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳಲಿ, ಆದರೆ ಮುಂದೆ ಹುಟ್ಟುವವರ ಅಗತ್ಯಕ್ಕೆ ಕತ್ತರಿ ಹಾಕಬಾರದು ಎಂಬುದು ಅದರ ತಿರುಳು.

ಸ್ತ್ರೀಶಕ್ತಿ ಸಂಘದ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಠೇವಣಿಯ ಬಡ್ಡಿಯಲ್ಲಿ ಸಂಸಾರ ನಡೆಸಬೇಕು, ಅಸಲಿಗೆ ಕೈ ಹಾಕಬಾರದು. ಹೈನುಗಾರಿಕೆಯಲ್ಲಿ ನಮ್ಮ ಅಸಲು ಯಾವುದು? ನೀರು, ನೆಲ, ಹಸು, ಮತ್ತು ಅದನ್ನು ಸಾಕುವ ಹೆಂಗಸಿನ ಮೈ. ಬಟವಾಡೆ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೂಪಾಯಿ ಇರುತ್ತದೆ. ಆ ರೂಪಾಯಿ ಬರುವಾಗ ಅಸಲು ಎಷ್ಟು ಕರಗಿತು ಎಂಬುದು ಅದರಲ್ಲಿ ಬರುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ಹೆಸರಘಟ್ಟದ ಕಥೆ

ಅಸಲು ಕರಗುವುದು ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಯಲಹಂಕದ ಪಕ್ಕದಲ್ಲೇ ಹೆಸರಘಟ್ಟವಿದೆ. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಅರ್ಕಾವತಿಯ ನೀರನ್ನು 1890ರ ದಶಕದಲ್ಲಿ ಈ ಕೆರೆಯಿಂದ ಬೆಂಗಳೂರಿಗೆ ಕೊಳಾಯಿಯಲ್ಲಿ ಕೊಟ್ಟರು. ಊರು ಬೆಳೆದು ನೀರು ಸಾಲದಾಯಿತು, 1933ರಲ್ಲಿ ಅದೇ ನದಿಗೆ ಕೆಳಗಡೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. ಅದೂ ಸಾಲದೆ 1970ರ ದಶಕದಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದರು.

ಅಷ್ಟರಲ್ಲಿ ಅರ್ಕಾವತಿಗೆ ಏನಾಯಿತು? ಒಬ್ಬರು ಮಾಡಿದ ತಪ್ಪಲ್ಲ ಇದು. ನೀರು ಹರಿದು ಬರುವ ಜಾಗದಲ್ಲಿ ಕೊಳವೆಬಾವಿಗಳು ಸಾವಿರಗಟ್ಟಲೆ ಇಳಿದವು, ನೀಲಗಿರಿ ತೋಪುಗಳು ಬಂದವು, ಹಳ್ಳಕೊಳ್ಳಗಳ ಮೇಲೆ ರಸ್ತೆ, ಲೇಔಟು ಎದ್ದವು. ಒಬ್ಬೊಬ್ಬರೂ ತಮ್ಮ ಪಾಲಿನದು ಸ್ವಲ್ಪವೇ ಎಂದುಕೊಂಡರು. ನದಿ ಮಳೆಗಾಲದ ಹಳ್ಳವಾಯಿತು, ಹೆಸರಘಟ್ಟವನ್ನು ನಂಬಿ ನಗರ ನೀರು ಕುಡಿಯುವ ಕಾಲ ಮುಗಿಯಿತು.

ಈಗ ನಮ್ಮ ಜಿಲ್ಲೆಯ ಅಂತರ್ಜಲ ಸರ್ಕಾರಿ ಲೆಕ್ಕದಲ್ಲಿ ‘ಅತಿಬಳಕೆ’ಯ ಪಟ್ಟಿಯಲ್ಲಿದೆ. ಅಂದರೆ ಮಳೆ ಒಂದು ವರ್ಷದಲ್ಲಿ ಇಂಗಿಸುವುದಕ್ಕಿಂತ ಹೆಚ್ಚು ನೀರನ್ನು ನಾವು ಆ ವರ್ಷ ಎತ್ತುತ್ತಿದ್ದೇವೆ. ಅಸಲು ತಿನ್ನುವುದು ಎಂದರೆ ಇದೇ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು. ಟ್ಯಾಂಕರಿಗೆ ಕಾದು ಕೂತವರಿಗಂತೂ ಮರೆಯುವಂತೆಯೇ ಇಲ್ಲ.

ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ಕುಡಿಯುವ ನೀರು ಬೇಕು, ಬಿರುಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ, ನೀರು ಕಡಿಮೆಯಾದರೆ ಮೊದಲು ಇಳಿಯುವುದೇ ಹಾಲು. ಉಳಿಸಬೇಕಾದದ್ದು ತೊಳೆಯುವ ನೀರನ್ನು. ಸಗಣಿಯನ್ನು ಮೊದಲು ಸಲಿಕೆಯಲ್ಲಿ ಬಾಚಿ, ಆಮೇಲೆ ನೀರು ಹಾಕಿದರೆ ಪೈಪು ಹಿಡಿದು ತೊಳೆಯುವ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನೊಂದು ಲೆಕ್ಕ ಕೇಳಿ. ನಮ್ಮ ಕಡೆ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. 400 ಚದರ ಅಡಿ ಶೀಟು ಹಾಕಿದ ಕೊಟ್ಟಿಗೆಯ ಮೇಲೆ ಬೀಳುವ ನೀರಿನಲ್ಲಿ ಸೋರಿದ್ದು, ಆರಿದ್ದು ಕಳೆದರೂ 26,000 ಲೀಟರ್ ಸಿಗುತ್ತದೆ. ಮೂರು ಹಸು ನೂರು ದಿನ ಕುಡಿಯುವಷ್ಟು! ಅಷ್ಟನ್ನೂ ಹಿಡಿದಿಡಲು ತೊಟ್ಟಿ ಇರುವುದಿಲ್ಲ, ಗೊತ್ತು. ಒಂದು ಡ್ರಮ್ಮು ತುಂಬಿ ಉಳಿದದ್ದನ್ನು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟರೂ ಅಸಲಿಗೆ ಜಮೆಯಾಗುತ್ತದೆ.

ಕೆರೆಯಂಗಳದ ಹುಲ್ಲು

ಗೋಮಾಳಗಳು ಹೋದ ಮೇಲೆ ನಮ್ಮಲ್ಲಿ ಅನೇಕರಿಗೆ ಹಸಿರು ಮೇವು ಎಂದರೆ ಕೆರೆಯಂಚು ಮತ್ತು ರಾಜಕಾಲುವೆ ಪಕ್ಕದ ಹುಲ್ಲೇ. ಇಲ್ಲಿ ಎರಡನೆಯ ತತ್ವ ಬರುತ್ತದೆ. 1992ರಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ದೇಶಗಳೆಲ್ಲ ಸೇರಿ 27 ತತ್ವಗಳನ್ನು ಒಪ್ಪಿಕೊಂಡವು. ಅದರಲ್ಲೊಂದು ಮುನ್ನೆಚ್ಚರಿಕೆಯ ತತ್ವ. ಭಾರಿ ಹಾನಿಯ ಭಯವಿದ್ದಾಗ, ಪೂರ್ತಿ ಸಾಬೀತಾಗಲಿ ಎಂದು ಕಾಯುತ್ತಾ ಕೂರಬಾರದು.

ಜಕ್ಕೂರು ಕೆರೆಯನ್ನು ನೋಡಿ. ಅಲ್ಲಿ ಒಳಚರಂಡಿ ನೀರು ಮೊದಲು ಶುದ್ಧೀಕರಣ ಘಟಕಕ್ಕೆ ಹೋಗಿ, ಆಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ನೀರಿನಲ್ಲಿರುವ ಸಾರಜನಕ, ರಂಜಕವನ್ನು ಜೊಂಡು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ನಿಲ್ಲುತ್ತದೆ, ಮೀನು ಹಿಡಿಯುವವರಿಗೆ ಕೆಲಸವಿದೆ, ಹಸುವಿಗೆ ಹುಲ್ಲು ಕೊಯ್ಯುವವರೂ ಇದ್ದಾರೆ. ನಗರ, ನೀರು, ದನ ಮೂರೂ ಒಟ್ಟಿಗೆ ಬದುಕಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. ಆದರೆ ಅದು ನಡೆಯುವುದು ಘಟಕ ಸರಿಯಾಗಿ ಓಡುವವರೆಗೆ ಮಾತ್ರ.

ಶುದ್ಧೀಕರಿಸದ ಮೋರಿ ನೀರಿನ ಹುಲ್ಲಿನ ಮಾತೇ ಬೇರೆ. ಕಾರ್ಖಾನೆ, ಗ್ಯಾರೇಜು, ಲೋಹಕ್ಕೆ ಲೇಪ ಹಾಕುವ ಘಟಕಗಳ ನೀರು ಸೇರುವ ಕಡೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಭಾರಲೋಹಗಳು ಇರುತ್ತವೆ. ಹುಲ್ಲು ಅವನ್ನು ಹೀರುತ್ತದೆ, ಹಸುವಿನ ಮೈ ಸೇರುತ್ತದೆ, ಹಾಲಿಗೂ ಅಂಶ ಬರಬಹುದು. ಆ ಹಾಲನ್ನು ಡೇರಿಗೆ ಹಾಕುವ ಮೊದಲು ನಮ್ಮ ಮಕ್ಕಳಿಗೂ ಕೊಡುತ್ತೇವಲ್ಲ. ಹುಲ್ಲು ಎಷ್ಟೇ ಸೊಂಪಾಗಿರಲಿ, ನೀರಿಗೆ ಬಣ್ಣವೋ ನೊರೆಯೋ ಎಣ್ಣೆಯ ಪದರವೋ ಕಂಡರೆ ಅಲ್ಲಿ ಕುಡುಗೋಲು ಹಾಕಬೇಡಿ.

ಬದಲಿ ಏನು ಎಂದು ಕೇಳುತ್ತೀರಿ, ನ್ಯಾಯವೇ. ಹತ್ತು ಗುಂಟೆ ಉಳಿಸಿಕೊಂಡವರಿದ್ದರೆ ಲೆಕ್ಕ ಸುಲಭ. ಸುಧಾರಿತ ಸೀಮೆಹುಲ್ಲು ನೀರು, ಗೊಬ್ಬರ ಸರಿಯಾಗಿ ಸಿಕ್ಕರೆ ಎಕರೆಗೆ ವರ್ಷಕ್ಕೆ 100 ಟನ್ನಿಗೂ ಮೇಲೆ ಬರುತ್ತದೆ. ಹತ್ತು ಗುಂಟೆಯಲ್ಲಿ ದಿನಕ್ಕೆ 65-70 ಕಿಲೋ, ಅಂದರೆ ಮೂರು ಹಸುವಿನ ಹಸಿರು ಮೇವು. ಸಾಲಿನ ನಡುವೆ ಅಲಸಂದೆ, ಬದುವಿನಲ್ಲಿ ಅಗಸೆ ಹಾಕಿದರೆ ಹಿಂಡಿಯ ಖರ್ಚೂ ತಗ್ಗುತ್ತದೆ. ಆರ್.ಟಿ. ನಗರ, ಯಶವಂತಪುರದ ಓಣಿಯಲ್ಲಿ ಎರಡು ಹಸು ಕಟ್ಟಿಕೊಂಡವರಿಗೆ ಗುಂಟೆಯ ಮಾತು ಹೇಳಿದರೆ ಗಾಯಕ್ಕೆ ಉಪ್ಪು ಸವರಿದಂತೆ. ಅವರು ರಾಗಿಹುಲ್ಲನ್ನು ಸುಗ್ಗಿಯಲ್ಲೇ ನಾಲ್ಕೈದು ಮನೆ ಸೇರಿ ಕೊಂಡು ಹಂಚಿಕೊಳ್ಳುವುದು, ತೆನೆ ಕಿತ್ತ ಮುಸುಕಿನ ಜೋಳದ ದಂಟನ್ನು ಕತ್ತರಿಸಿ ಹಾಕುವುದು ಆಗುವ ಮಾತು. ಮಾರುಕಟ್ಟೆಯ ಸೊಪ್ಪು ತಂದರೆ ಪ್ಲಾಸ್ಟಿಕ್, ರಬ್ಬರ್ ಬ್ಯಾಂಡ್ ಆರಿಸಿಯೇ ಹಾಕಿ.

ಕೊಳೆ ಮಾಡಿದವರ ಹೊಣೆ

ರಿಯೋದ ಇನ್ನೊಂದು ತತ್ವ, ಮಾಲಿನ್ಯ ಮಾಡಿದವರೇ ಅದರ ವೆಚ್ಚ ಹೊರಬೇಕು ಎಂಬುದು. ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಮೇಲಿನ ವೆಲ್ಲೂರು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಮುನ್ನೆಚ್ಚರಿಕೆಯ ತತ್ವವನ್ನೂ ನಮ್ಮ ದೇಶದ ಕಾನೂನಿನ ಭಾಗವೆಂದು ಹೇಳಿತು.

ಕಾರ್ಖಾನೆಯವರಿಗೆ ಸರಿಯಾದ ಪಾಠ ಎಂದು ತಲೆದೂಗುತ್ತೇವೆ. ಆದರೆ ಕೊಟ್ಟಿಗೆ ತೊಳೆದ ಸಗಣಿ ನೀರನ್ನು ಮೋರಿಗೆ ಬಿಡುವ ನಾವೂ ಈ ಪಟ್ಟಿಯಲ್ಲಿದ್ದೇವೆ. ಆ ಸಗಣಿ ಕೆರೆ ಸೇರಿದರೆ ಅಂತರಗಂಗೆ ಕಳೆ ಹಬ್ಬುತ್ತದೆ, ಮೀನಿಗೆ ಉಸಿರಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೈನು ಕೊಟ್ಟಿಗೆಗಳಿಗೂ ಗೋಶಾಲೆಗಳಿಗೂ ಮಾರ್ಗಸೂಚಿ ಹೊರಡಿಸಿದ್ದು ಇದೇ ಕಾರಣಕ್ಕೆ. ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು ದೂರು ಕೊಡುವವರೆಗೆ ಕಾಯುವುದಕ್ಕಿಂತ ನಾವೇ ಮೊದಲು ಸರಿಮಾಡಿಕೊಳ್ಳುವುದು ಮೇಲು. ದೂರು ಬಂದಾಗ ಮೊದಲು ಹೊರಬೀಳುವುದು ಹಸುಗಳೇ.

ಸಗಣಿಯಂತೂ ನಷ್ಟದ ಬಾಬತ್ತಲ್ಲ. ಮೂರು ಹಸು ದಿನಕ್ಕೆ ಸುಮಾರು 50 ಕಿಲೋ ಹಾಕುತ್ತವೆ. ಎರಡು ಘನಮೀಟರ್ ಗೋಬರ್ ಗ್ಯಾಸ್ ಘಟಕಕ್ಕೆ ಬೇಕಾದದ್ದೂ ಅಷ್ಟೇ, ನಾಲ್ಕೈದು ಜನರ ಅಡುಗೆ ಅದರಲ್ಲಿ ಆಗುತ್ತದೆ. ಹೊರಬರುವ ಬಗ್ಗಡ ಸೀಮೆಹುಲ್ಲಿಗೆ ಹೋದರೆ ಯೂರಿಯಾ ಚೀಲ ಕಡಿಮೆ. ಜಾಗವಿಲ್ಲದವರು ಒಣಗಿಸಿ ಚೀಲಕ್ಕೆ ತುಂಬಿದರೆ ನರ್ಸರಿಯವರು, ಮನೆ ಮೇಲೆ ಕೈತೋಟ ಮಾಡುವವರು ಕೇಳಿಕೊಂಡು ಬರುತ್ತಾರೆ. ಸಹಾಯಧನದ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಹಸು ಮತ್ತು ಹೆಂಗಸು

ಹಸುವಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಹಿಂದಿನ ಪಾಠಗಳಲ್ಲಿ ಬಂದಿದೆ. ಬೂಸಾ, ಹಿಂಡಿ ಸುರಿದು 20 ಲೀಟರ್ ಎಳೆದು, ಎರಡು ಸೂಲಿಗೆ ಕೆಚ್ಚಲು ಬಾವೋ ಗೊರಸಿನ ನೋವೋ ಬಂದು ಮಾರಿದ ಹಸುವಿಗಿಂತ, 12 ಲೀಟರಿನಂತೆ ಆರು ಸೂಲು ಕರೆದ ಹಸು ಮನೆಗೆ ಹೆಚ್ಚು ಕೊಟ್ಟಿರುತ್ತದೆ. ಕರು ಹಾಕುವ ಮುಂಚೆ ಎರಡು ತಿಂಗಳು ಬತ್ತಿಸುವುದನ್ನು ಹಣದ ಆಸೆಗೆ ಬಿಡಬೇಡಿ.

ಕೊನೆಯ ಅಸಲು ನೀವೇ. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಕರೆದು, ಡೇರಿಗೆ ಹಾಕಿ, ಹುಲ್ಲಿಗೆ ಹೋಗಿ, ಮತ್ತೆ ಸಂಜೆ ಕರೆಯುವ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಕೂಲಿ ಬರೆಯುವವರು ಯಾರೂ ಇಲ್ಲ. ಮೂರು ಹಸು ಆರಾದರೆ ಹಾಲು ಎರಡರಷ್ಟಾಗುತ್ತದೆ. ಬೆನ್ನು, ಮಂಡಿ ಎರಡರಷ್ಟಾಗುವುದಿಲ್ಲ. ಮಗಳು ಶಾಲೆ ಬಿಟ್ಟು ಹುಲ್ಲಿಗೆ ಹೋಗುವಂತಾದರೆ ಆ ಮೂರು ಹಸುಗಳ ಲಾಭ ಎಲ್ಲಿಂದ ಬಂತು ಎಂದು ಹೇಳಬೇಕಾಗಿಲ್ಲ. ಹಸು ಹೆಚ್ಚಿಸುವ ಮೊದಲು ಮೇವು ಕತ್ತರಿಸುವ ಯಂತ್ರ, ನೀರು ತಾನಾಗಿ ತುಂಬುವ ತೊಟ್ಟಿ, ಕೊಟ್ಟಿಗೆಗೆ ರಬ್ಬರ್ ಹಾಸು ಇವುಗಳಿಗೆ ದುಡ್ಡು ಹಾಕಿ.

ರಿಯೋ ತತ್ವಗಳಲ್ಲಿ ಇಪ್ಪತ್ತನೆಯದು, ಪರಿಸರ ನೋಡಿಕೊಳ್ಳುವುದರಲ್ಲಿ ಹೆಂಗಸರ ಪಾತ್ರ ದೊಡ್ಡದು, ಅವರು ಪೂರ್ತಿಯಾಗಿ ಪಾಲ್ಗೊಳ್ಳಬೇಕು ಎನ್ನುತ್ತದೆ. ನಮ್ಮ ಮಟ್ಟಿಗೆ ಪಾಲ್ಗೊಳ್ಳುವುದು ಸಂಘದ ಸದಸ್ಯತ್ವದಿಂದ ಶುರು. ಹಾಲು ಹಾಕುವವರು ನೀವು, ಷೇರು ಮನೆಯವರ ಹೆಸರಿನಲ್ಲಿ ಎಂದಿದ್ದರೆ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ನಿಮಗೆ ಓಟಿಲ್ಲ. ಮೇವು ಕತ್ತರಿಸುವ ಯಂತ್ರ ಮೊದಲೋ ಕಟ್ಟಡಕ್ಕೆ ಬಣ್ಣ ಮೊದಲೋ ಎಂದು ತೀರ್ಮಾನ ಮಾಡುವುದು ಆ ಸಭೆ. ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯವರ ಹತ್ತಿರ ಸದಸ್ಯರ ಪಟ್ಟಿ ಕೇಳಿ ನೋಡಿ. ನಿಮ್ಮ ಹೆಸರಿಲ್ಲದಿದ್ದರೆ ಸದಸ್ಯತ್ವದ ಅರ್ಜಿ ಅಲ್ಲೇ ಕೇಳಿ ಪಡೆಯಿರಿ, ಬಟವಾಡೆಯ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ.