ಮನೆಯ ಗಣಕಯಂತ್ರ: ಪರೀಕ್ಷೆ ಮೊದಲು, ವೆಚ್ಚ ಅನಂತರ

ಮನೆಗಳಲ್ಲಿ ಬಳಸುವ ಡೆಸ್ಕ್‌ಟಾಪ್ ಗಣಕಯಂತ್ರವು ಹಲವು ಬಿಡಿಭಾಗಗಳ ಜೋಡಣೆಯಾಗಿದೆ. ಅದರ ಪೆಟ್ಟಿಗೆಯೊಳಗೆ ಎಲ್ಲ ಭಾಗಗಳನ್ನೂ ಬೆಸೆಯುವ ಮದರ್‌ಬೋರ್ಡ್, ಲೆಕ್ಕಾಚಾರ ನಡೆಸುವ ಪ್ರೊಸೆಸರ್, ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್, ಕಡತಗಳನ್ನು ಉಳಿಸಿಡುವ ಹಾರ್ಡ್ ಡಿಸ್ಕ್ ಹಾಗೂ ವಿದ್ಯುತ್ತನ್ನು ಹದಗೊಳಿಸಿ ಹಂಚುವ ಎಸ್‌ಎಂಪಿಎಸ್ ಇರುತ್ತವೆ. ಇವುಗಳಲ್ಲಿ ಒಂದು ಕೆಟ್ಟರೂ ಇಡೀ ಯಂತ್ರವೇ ಕೆಟ್ಟಂತೆ ತೋರುತ್ತದೆ. ಆದುದರಿಂದ ಹೊಸ ಯಂತ್ರಕ್ಕೆ ಹಣ ವೆಚ್ಚ ಮಾಡುವ ಮುನ್ನ ದೋಷವಿರುವ ಭಾಗ ಯಾವುದೆಂದು ಕಂಡುಕೊಳ್ಳುವುದು ಅವಶ್ಯಕ.

ಕಡತಗಳ ರಕ್ಷಣೆ

ಕೆಟ್ಟ ಬಿಡಿಭಾಗವನ್ನು ಅಂಗಡಿಯಿಂದ ಮತ್ತೆ ತರಬಹುದು. ಅಳಿದುಹೋದ ಬರಹ ಮತ್ತು ಭಾವಚಿತ್ರಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ದುರಸ್ತಿಗೆ ಕೈಹಾಕುವ ಮೊದಲು ಮುಖ್ಯ ಕಡತಗಳ ಪ್ರತಿಗಳನ್ನು ಎರಡು ಬೇರೆ ಸಾಧನಗಳಲ್ಲಿ ಉಳಿಸಿ, ಅವು ತೆರೆಯುತ್ತವೆಯೇ ಎಂದು ಇನ್ನೊಂದು ಯಂತ್ರದಲ್ಲಿ ಪರಿಶೀಲಿಸಬೇಕು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಇತರ ಕೆಲಸಗಳನ್ನೆಲ್ಲ ನಿಲ್ಲಿಸಿ, ಅತಿ ಮುಖ್ಯವಾದ ಕಡತಗಳನ್ನು ಮೊದಲು ನಕಲು ಮಾಡಿಕೊಳ್ಳತಕ್ಕದ್ದು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಸಿದ್ಧಪಡಿಸಿದ ಅನೇಕ ಕಡತಗಳು ಯುನಿಕೋಡ್ ಸಂಕೇತದಲ್ಲಿಲ್ಲ. ಸಂಬಂಧಪಟ್ಟ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಹೊರರಾಜ್ಯದ ದುರಸ್ತಿಗಾರರು ಅವನ್ನು ಕೆಟ್ಟ ಕಡತಗಳೆಂದು ಭಾವಿಸಿ ಅಳಿಸಿಬಿಡುವ ಸಂಭವವುಂಟು. ಆದ್ದರಿಂದ ಬರಹದೊಡನೆ ಫಾಂಟುಗಳನ್ನೂ ಉಳಿಸಿಕೊಂಡು, ಸಾಧ್ಯವಾದಾಗ ಬರಹವನ್ನು ಯುನಿಕೋಡಿಗೆ ಪರಿವರ್ತಿಸುವುದು ಲೇಸು.

ಸುರಕ್ಷತೆ

ನಮ್ಮ ಮನೆಗಳಿಗೆ ಒದಗುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಪೆಟ್ಟಿಗೆಯನ್ನು ತೆರೆಯುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಮೈಮೇಲಿನ ಸ್ಥಿರ ವಿದ್ಯುತ್ತು ಬಿಡಿಭಾಗಗಳಿಗೆ ಹಾನಿ ಮಾಡಬಲ್ಲದಾದ್ದರಿಂದ ಪೆಟ್ಟಿಗೆಯ ಬಣ್ಣವಿಲ್ಲದ ಲೋಹಭಾಗವನ್ನು ಆಗಾಗ ಮುಟ್ಟುತ್ತಿರಬೇಕು. ಎಸ್‌ಎಂಪಿಎಸ್‌ನ ಕವಚವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು; ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಲಕ್ಷಣದಿಂದ ದೋಷದ ಕಡೆಗೆ

1. ಯಂತ್ರಕ್ಕೆ ಜೀವವೇ ಬಾರದಿದ್ದರೆ ಗೋಡೆಯ ಸ್ವಿಚ್, ಯುಪಿಎಸ್, ಕೇಬಲ್ ಹಾಗೂ ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್‌ಗಳನ್ನು ಈ ಅನುಕ್ರಮದಲ್ಲೇ ನೋಡಬೇಕು. ಬಿಡಿಭಾಗಗಳ ಸರದಿ ಆಮೇಲಿನದು.

2. ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿದ್ದರೆ ಮಾನಿಟರಿನ ಕೇಬಲ್ ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಕೇಬಲ್ ಅದಕ್ಕೇ ಸೇರಿರಬೇಕು. ಅನಂತರ ರ‍್ಯಾಮ್ ಪಟ್ಟಿಗಳನ್ನು ತೆಗೆದು, ಒಂದೊಂದನ್ನೇ ದೃಢವಾಗಿ ಕೂರಿಸಿ ಯಂತ್ರವನ್ನು ನಡೆಸಿ ನೋಡಿದರೆ ದೋಷವಿರುವ ಪಟ್ಟಿ ತಿಳಿಯುತ್ತದೆ.

3. ಪ್ರತಿ ಬಾರಿಯೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆಯಾಕಾರದ ಬ್ಯಾಟರಿ ಬರಿದಾಗಿರುತ್ತದೆ. ಸಾಮಾನ್ಯವಾಗಿ ಇದು ‘ಸಿಆರ್ 2032’ ಎಂಬ 3 ವೋಲ್ಟಿನ ಬ್ಯಾಟರಿ. ದಿನಾಂಕ ತಪ್ಪಿದಾಗ ಬ್ಯಾಂಕಿನ ಜಾಲತಾಣಗಳು ತೆರೆಯದಿರುವುದಕ್ಕೂ ಇದೇ ಕಾರಣವಾಗಿರಬಹುದು.

4. ಕೆಲಸದ ನಡುವೆ ಯಂತ್ರ ತಾನಾಗಿ ಆರಿಹೋದರೆ ಶಾಖವನ್ನು ಶಂಕಿಸಬೇಕು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ತೇವದೊಡನೆ ಬೆರೆತ ಧೂಳು ಫ್ಯಾನಿಗೆ ಅಂಟಿಕೊಳ್ಳುತ್ತದೆ. ಅದನ್ನು ಮೃದುವಾದ ಕುಂಚದಿಂದ ತೆಗೆದ ಮೇಲೂ ತೊಂದರೆ ಮುಂದುವರಿದರೆ ಎಸ್‌ಎಂಪಿಎಸ್ ಅನ್ನು ಪರೀಕ್ಷೆ ಮಾಡಿಸಬೇಕು.

ಯಾವ ಭಾಗವನ್ನು ಬದಲಿಸಬೇಕು?

ಯಂತ್ರ ಕೆಟ್ಟಿಲ್ಲ, ಆದರೆ ನಿಧಾನವಾಗಿದೆ ಎಂಬುದು ಸಾಮಾನ್ಯ ದೂರು. ಇಂತಹ ಕಡೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಅಳವಡಿಸುವುದೇ ಹೆಚ್ಚು ಫಲಕಾರಿ. ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮೊನೆಯು ಕಡತವನ್ನು ಹುಡುಕುತ್ತ ಚಲಿಸಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲ. ಸಾಟಾ ಜೋಡಣೆಯ ಎಸ್‌ಎಸ್‌ಡಿ ಬಹುತೇಕ ಹಳೆಯ ಮದರ್‌ಬೋರ್ಡುಗಳಿಗೂ ಹೊಂದುತ್ತದೆ.

ರ‍್ಯಾಮ್ 4 ಜಿಬಿ ಇದ್ದರೆ ಅದನ್ನು 8 ಜಿಬಿಗೆ ಏರಿಸುವುದು ಎರಡನೆಯ ಹೆಜ್ಜೆ. ಡಿಡಿಆರ್ 3 ಮತ್ತು ಡಿಡಿಆರ್ 4 ಪಟ್ಟಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಲ್ಯಾಮಿಂಗ್ಟನ್ ರಸ್ತೆ, ರಿಚಿ ಸ್ಟ್ರೀಟ್ ಅಥವಾ ನೆಹರು ಪ್ಲೇಸ್‌ಗೆ ಹೋಗುವವರು ಮದರ್‌ಬೋರ್ಡಿನ ಮೇಲೆ ಮುದ್ರಿತವಾಗಿರುವ ಮಾದರಿಯ ಹೆಸರನ್ನು ಬರೆದುಕೊಂಡು ಹೋಗಿ, ಕೊಂಡ ವಸ್ತುವಿಗೆ ರಸೀದಿ ಹಾಗೂ ವಾರಂಟಿ ಪಡೆಯಬೇಕು.

ಕಾರ್ಯಾಚರಣೆ ವ್ಯವಸ್ಥೆ

ವಿಂಡೋಸ್ 10ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಭದ್ರತಾ ಪರಿಷ್ಕರಣೆಗಳಿಲ್ಲದ ಯಂತ್ರದಲ್ಲಿ ಹಣಕಾಸಿನ ವ್ಯವಹಾರ ನಡೆಸುವುದು ಅಪಾಯಕರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ನಿಗದಿತ ಪ್ರೊಸೆಸರ್ ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಹೆಚ್ಚಾಗಿ 8ನೆಯ ಪೀಳಿಗೆ ಮತ್ತು ಅನಂತರದವು ಈ ಪಟ್ಟಿಯಲ್ಲಿವೆ. ಈ ಅರ್ಹತೆ ಇಲ್ಲದ ಯಂತ್ರಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ಮಿಂಟ್, ಉಬುಂಟು ಮೊದಲಾದ ವ್ಯವಸ್ಥೆಗಳಿವೆ. ಇವನ್ನು ಅಳವಡಿಸುವ ಮುನ್ನ ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಯುನಿಕೋಡ್ ಕನ್ನಡ ಬರಹಕ್ಕೂ ಇವುಗಳಲ್ಲಿ ಅವಕಾಶವಿದೆ.

ವಿಲೇವಾರಿ

ಮದರ್‌ಬೋರ್ಡ್ ಕೆಟ್ಟು, ಅದಕ್ಕೆ ಸರಿಹೊಂದುವುದು ಸಿಗದಿದ್ದರೆ ಹೊಸ ಯಂತ್ರ ಕೊಳ್ಳುವುದು ಸಮಂಜಸ. ಆಗಲೂ ಹಳೆಯದನ್ನು ಗುಜರಿಗೆ ಹಾಕಬಾರದು. ಅದರ ಫಲಕಗಳಲ್ಲಿ ಸೀಸದಂತಹ ವಿಷಕಾರಿ ಲೋಹಗಳಿರಬಹುದು. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಅಥವಾ ಉತ್ಪಾದಕರ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ಅಳಿಸಿದ ಕಡತಗಳನ್ನು ಮತ್ತೆ ಹೊರತೆಗೆಯಲು ಸಾಧ್ಯವಿರುವುದರಿಂದ ಹಾರ್ಡ್ ಡಿಸ್ಕನ್ನು ಕಳಚಿ ಮನೆಯಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

ಅಭ್ಯಾಸ

1. ನಿಮ್ಮ ಮನೆಯ ಗಣಕಯಂತ್ರದ ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ರ‍್ಯಾಮ್‌ಗಳ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ.

2. ಪರದೆ ಕಪ್ಪಾಗಿರುವಾಗ ಅನುಸರಿಸಬೇಕಾದ ಪರೀಕ್ಷೆಗಳನ್ನು ಅನುಕ್ರಮವಾಗಿ ತಿಳಿಸಿ.

3. ನಿಮ್ಮ ಹಳೆಯ ಕನ್ನಡ ಕಡತವೊಂದನ್ನು ಬೇರೆ ಯಂತ್ರದಲ್ಲಿ ತೆರೆದು, ಅದು ಓದಲು ಬರುತ್ತದೆಯೇ ಎಂದು ಪರಿಶೀಲಿಸಿ.